ಮುಖಕ್ಕೆ ಊದುವ ವ್ಯಾನು

೧

ಎಲ್ಲಿಂದ ಶುರು ಮಾಡಬೇಕೆಂದು ಕುಳಿತು ಯೋಚಿಸುತ್ತಿದ್ದೇನೆ. ಹಿಂದೆ ಕಥೆ ಹೇಳುತ್ತಿದ್ದ ಅಜ್ಜಿಯರಿಗೆ ಈ ತಾಪತ್ರಯ ಇರಲಿಲ್ಲ. ಒಬ್ಬ ರಾಜ ಇದ್ದ ಎಂದರೆ ಇದ್ದ. ಅವನನ್ನು ಅಲ್ಲಿ ತಂದು ನಿಲ್ಲಿಸಿದವರು ಯಾರು, ರಾಜನಾಗಲು ಅವನಿಗೆ ಮನಸ್ಸಿತ್ತೋ ಇಲ್ಲವೋ ಎಂದು ಪಕ್ಕದಲ್ಲಿ ಹೂಂಗುಡುತ್ತ ಮಲಗಿದ ಮಕ್ಕಳು ಯಾವತ್ತೂ ಕೇಳಲಿಲ್ಲ. ನನ್ನ ಬಳಿ ರಾಜನಿಲ್ಲ, ರಾಣಿಯಿಲ್ಲ. ಇರುವುದು ಒಂದು ವ್ಯಾನು. ಅದು ಓಡುವಾಗ ತಣ್ಣಗಿರುತ್ತದೆ, ನಿಂತರೆ ಕುದಿಯುತ್ತದೆ.

ಬಾನೆಟ್ಟಿನಿಂದ ಹಬೆ ಏಳುವ ದೃಶ್ಯದಿಂದ ಶುರು ಮಾಡಬಹುದಿತ್ತು. ಮಾಡಿದೆ ಕೂಡ. ಹಬೆ ಚೆನ್ನಾಗಿಯೇ ಎದ್ದಿತು, ಆದರೆ ಅದರ ಹಿಂದೆ ಯಾರೂ ಕಾಣಿಸಲಿಲ್ಲ. ಹರಿದು ಹಾಕಿದೆ.

(ಓದುಗರೇ, ನೀವು ಹೂಂಗುಡುತ್ತೀರಾ? ಮನಸ್ಸಿನಲ್ಲೇ ಅಂದರೂ ಸಾಕು. ಆ ಕಡೆಯಿಂದ ಹೂಂ ಬಾರದಿದ್ದರೆ ಈ ಕಡೆ ಕಥೆಗೆ ಉಸಿರು ಕಟ್ಟುತ್ತದೆ.)

ಹಾಗಾದರೆ ಮನುಷ್ಯರಿಂದಲೇ ಹೊರಡೋಣ. ಒಂದು ಗ್ಯಾರೇಜು. ಬೀದಿಗೆ ತೆರೆದುಕೊಳ್ಳುವ ತಗಡಿನ ಶಟರು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಹಲಗೆಯ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನೇತುಬಿದ್ದ ಸ್ಪ್ಯಾನರುಗಳು. ಅಲ್ಲಿ ಕೆಲಸ ಮಾಡುವವರು ಇಬ್ಬರು, ಮಾವ ಮತ್ತು ಸೊಸೆ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಮಾವನಿಗೆ ಊಟದ ಡಬ್ಬಿ ತರುತ್ತಿದ್ದಳು. ಡಬ್ಬಿ ಖಾಲಿಯಾಗುವವರೆಗೆ ಸುಮ್ಮನೆ ಕೂರಲಾರದೆ ಒಂದು ದಿನ ಒಂದು ನಟ್ಟು ತಿರುಗಿಸಿದಳು. ಬರಬರುತ್ತ ಡಬ್ಬಿ ತರುವುದೇ ಮರೆತುಹೋಗಿ, ಇಬ್ಬರೂ ಹಸಿದುಕೊಂಡು ಮನೆಗೆ ಹೋಗುವಂತಾಯಿತು. ಮಾವನ ಸ್ವಂತ ಮಗನಿಗೆ ಎಣ್ಣೆಯ ವಾಸನೆ ಕಂಡರಾಗದು. ಅವನು ಬೇಕರಿಯಲ್ಲಿ ಹಿಟ್ಟು ನಾದುತ್ತಾನೆ. "ಮಗ ಅಂದ್ರೆ ಇವಳೇ ನಂಗೆ" ಎಂದು ಮಾವ ಬಂದವರಿಗೆಲ್ಲ ಹೇಳುತ್ತಾರೆ. ಹೇಳುವುದು ಅವಳ ಬೆನ್ನ ಹಿಂದೆ. ಎದುರಿಗೆ ಹೇಳುವುದು ಇಷ್ಟೇ: "ಅಷ್ಟು ಬಿಗಿ ಮಾಡಬೇಡವೇ, ನಟ್ಟಿನ ಥ್ರೆಡ್ ಹೋಗುತ್ತೆ."

೨

ಆ ಗ್ಯಾರೇಜಿಗೊಂದು ಪದ್ಧತಿಯುಂಟು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಕರೆಂಟಿನ ವೈರುಗಳಿಗೆ ಗಂಟು ಹಾಕಿದವರೇ ಆ ಗಂಟನ್ನು ಬಿಚ್ಚಬೇಕು. ಬೇರೆಯವರು ಮುಟ್ಟುವಂತಿಲ್ಲ.

ಇದೇನು ಮಡಿಯಲ್ಲ. ಸೊಸೆ ಕೆಲಸ ಕಲಿಯುವಾಗ ಮಾವ ಕಾರಣ ಹೇಳಿದ್ದರು. "ನಾನು ಕಟ್ಟಿದ್ದನ್ನ ನೀನು ಬಿಚ್ಚಿ ಮತ್ತೆ ಕಟ್ಟಿದರೆ, ನನ್ನ ತಪ್ಪೂ ನಿನ್ನ ತಪ್ಪೂ ಕಲೆಸಿ ಹೋಗ್ತವೆ. ಆಮೇಲೆ ಇಬ್ಬರೂ ಕಲಿಯಲ್ಲ. ತಪ್ಪು ಮಾಡಿದವನ ಕೈಗೇ ಅದು ವಾಪಸ್ಸು ಹೋಗಬೇಕು."

ಯಾರ ಗಂಟು ಎಂದು ತಿಳಿಯುವುದು ಅದರ ಮೇಲೆ ಸುತ್ತುವ ಟೇಪಿನಿಂದ. ಮಾವ ಸುತ್ತಿ ಮುಗಿಸುವಾಗ ಟೇಪಿನ ತುದಿಯನ್ನು ಒಂಚೂರು ಒಳಕ್ಕೆ ಮಡಿಸಿ ಬಿಡುತ್ತಾರೆ. ಮುಂದೊಮ್ಮೆ ಬಿಚ್ಚುವಾಗ ಉಗುರಿಗೆ ಸುಲಭವಾಗಿ ಸಿಗಲಿ ಎಂದು. ಸೊಸೆ ಹಲ್ಲಿನಿಂದ ಕಚ್ಚಿ ಹರಿದು ಹೆಬ್ಬೆರಳಲ್ಲಿ ಒತ್ತಿಬಿಡುತ್ತಾಳೆ. ಅವಳಿಗೆ ಅಷ್ಟು ತಾಳ್ಮೆಯಿಲ್ಲ.

೪

(೩ ಎಲ್ಲಿ ಎಂದು ಕೇಳಬೇಡಿ. ಆ ಹಾಳೆ ಈಗ ನನ್ನ ಬಳಿ ಇಲ್ಲ. ಹೇಗೆ ಹೋಯಿತೆಂದು ಮುಂದೆ ತಿಳಿಯುತ್ತದೆ.)

ವ್ಯಾನು ಬಂತು. ಓಡಿಸಿಕೊಂಡು ಬಂದವಳು ಶಿಶುವಿಹಾರದ ಮಕ್ಕಳನ್ನು ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಒಯ್ಯುವ ಹೆಂಗಸು. ಮಕ್ಕಳು ಅವಳನ್ನು ವ್ಯಾನಕ್ಕ ಅನ್ನುತ್ತಾರೆ. ಮಕ್ಕಳ ಬಾಯಿಂದ ದೊಡ್ಡವರ ಬಾಯಿಗೆ ಬಂದು ಈಗ ಅವಳ ಗಂಡನೂ ಹಾಗೇ ಕರೆಯುತ್ತಾನಂತೆ. ಬೆಳಗಿನ ಪಾಳಿ ಮುಗಿಸಿ, ಮಕ್ಕಳನ್ನು ಶಾಲೆಗೆ ಬಿಟ್ಟು, ಖಾಲಿ ವ್ಯಾನನ್ನು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದಳು. ಶಾಲೆ ಬಿಡುವುದರೊಳಗೆ ಅದು ಸರಿಯಾಗಬೇಕು.

"ಓಡ್ತಾ ಇದ್ರೆ ದೇವತೆ, ನಿಂತ್ರೆ ದೆವ್ವ," ಎಂದಳು ವ್ಯಾನಕ್ಕ. "ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಗಿ ಕೂತ್ಕೊಳ್ಳುತ್ತೆ. ಮತ್ತೆ ಹೊರಟೆ ಅಂದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಇಳಿಯುತ್ತೆ."

"ಎಲ್ಲಿ ಅಷ್ಟು ಹೊತ್ತು ನಿಲ್ಲಿಸ್ತೀಯ ಅಕ್ಕ?" ಸೊಸೆ ಕೇಳಿದಳು.

"ನಾನೆಲ್ಲಿ ನಿಲ್ಲಿಸ್ತೀನಿ, ಮಕ್ಕಳು ನಿಲ್ಲಿಸ್ತವೆ. ಒಂದರ ಒಂದು ಕಾಲಿನ ಶೂ ಸಿಕ್ಕಿರಲ್ಲ. ಇನ್ನೊಂದಕ್ಕೆ ಅರ್ಧ ಜಡೆ ಆಗಿರುತ್ತೆ. ಮತ್ತೊಂದು ಗೇಟು ತಬ್ಬಿಕೊಂಡು ನಾನು ಬರಲ್ಲ ಅಂತ ಅಳ್ತಾ ಇರುತ್ತೆ, ಅದರಪ್ಪನೂ ಜೊತೆಗೆ."

"ನಿಂತಾಗ ಇಂಜಿನ್ ಆರಿಸಿಬಿಡಬಾರದಾ?"

"ಆರಿಸಿದ್ರೆ ಒಳಗಿರೋವೆಲ್ಲ ಶಾಲೆ ಬಂತು ಅಂತ ಚೀಲ ಹಾಕ್ಕೊಂಡು ಇಳಿಯೋಕೆ ಏಳ್ತವೆ ಕಣೇ. ಇಂಜಿನ್ ನಿಂತ ಮೇಲೇ ಏಳಬೇಕು ಅಂತ ನಾನೇ ಪಾಠ ಹೇಳ್ಕೊಟ್ಟಿದ್ದು. ಈಗ ಗುರುವಿಗೇ ತಿರುಮಂತ್ರ."

"ಯಾವಾಗಿಂದ ಹೀಗೆ?"

"ರಜೆ ಮುಗಿದು ಶಾಲೆ ಶುರು ಆಯ್ತಲ್ಲ, ಆವಾಗಿಂದ."

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ರಜೆಯಲ್ಲಿ ಈ ವ್ಯಾನು ಒಮ್ಮೆ ಇದೇ ಗ್ಯಾರೇಜಿಗೆ ಬಂದಿತ್ತು. ರೇಡಿಯೇಟರಿನ ಹಿಂದಿರುವ ಫ್ಯಾನಿನ ಮೋಟಾರು ನರಳುತ್ತಿತ್ತು. ಮಾವನೇ ಕೈಯಾರೆ ಹೊಸ ಮೋಟಾರು ಹಾಕಿದ್ದರು. ಇದು ಸೊಸೆಗೆ ಗೊತ್ತು. ಬೇರೆ ಯಾವ ಗ್ಯಾರೇಜಿನವರಾದರೂ ಮೊದಲು ಅಲ್ಲಿಗೇ ಕೈ ಹಾಕುತ್ತಿದ್ದರು. ಆದರೆ ನಡುಮನೆಯಲ್ಲಿ ಹಿರಿಯರು ಮಲಗಿದ್ದರೆ ನಾವು ದಾಟಿ ಹೋಗುವುದಿಲ್ಲ, ಸುತ್ತಿಕೊಂಡು ಹೋಗುತ್ತೇವೆ. ಅವಳ ಮನಸ್ಸು ಹಾಗೆ ಆ ಮೋಟಾರನ್ನು ಸುತ್ತಿಕೊಂಡು ಆಚೆಗೆ ಹೋಯಿತು. ತಾನು ಸುತ್ತಿ ಬಂದೆ ಎಂಬುದೂ ಅವಳಿಗೆ ಗೊತ್ತಾಗಲಿಲ್ಲ.

೫

ತಿಳಿಯದವರಿಗಾಗಿ (ನನ್ನನ್ನೂ ಸೇರಿಸಿ, ನನಗೆ ಸೈಕಲ್ಲಿಗೆ ಗಾಳಿ ಹಾಕಿಸುವುದಷ್ಟೇ ಗೊತ್ತು) ಸೊಸೆ ಒಮ್ಮೆ ವಿವರಿಸಿದಳು.

"ಇಂಜಿನ್ನಿನ ಬಿಸೀನ ನೀರು ಹೊತ್ಕೊಂಡು ಮುಂದೆ ರೇಡಿಯೇಟರಿಗೆ ಬರುತ್ತೆ. ಅಲ್ಲಿ ಗಾಳಿ ತಗುಲಿ ತಣ್ಣಗಾಗಿ ವಾಪಸ್ಸು ಹೋಗುತ್ತೆ. ಗಾಡಿ ಓಡುವಾಗ ಗಾಳಿ ತಾನಾಗೇ ನುಗ್ಗುತ್ತೆ. ನಿಂತಾಗ ಯಾರು ತರಬೇಕು? ಫ್ಯಾನು ಮುಂದಿನಿಂದ ಒಳಕ್ಕೆ ಎಳೀಬೇಕು. ಅದಕ್ಕೇ, ನಿಂತಾಗ ಮಾತ್ರ ಬಿಸಿ ಅಂದ್ರೆ ಒಂದೋ ನೀರಿನ ತೊಂದರೆ, ಒಂದೋ ಗಾಳಿಯ ತೊಂದರೆ."

ನಾನು ಆಸೆಯಿಂದ ಬರೆದುಕೊಂಡೆ: *ಮನುಷ್ಯನೂ ಹಾಗೆಯೇ. ದುಡಿಮೆಯ ಓಟದಲ್ಲಿ ತಂಪಾಗಿರುತ್ತಾನೆ. ನಿಂತನೋ, ಒಳಗಿನ ಬೇಗೆ...*

"ಏನು ಬರೀತಿದೀರಿ ಕಥೆಯವರೇ?"

ಓದಿ ಹೇಳಿದೆ.

"ರೇಡಿಯೇಟರಿಗೆ ರೇಡಿಯೇಟರ್ ಅಂತಲೇ ಅನ್ನಿ," ಎಂದಳು. "ನಮ್ಮ ಮಾವ ನಿಂತಾಗ ಯಾವತ್ತೂ ಬಿಸಿಯಾಗಲ್ಲ. ನಿದ್ದೆ ಮಾಡ್ತಾರೆ."

ಮೂಲೆಯಿಂದ ಮಾವ, "ಕೇಳಿಸ್ತು" ಎಂದರು.

ಆ ಸಾಲು ಹೊಡೆದು ಹಾಕಿದೆ.

ಮೊದಲು ನೀರು. ತುಂಬಿತ್ತು. ಮುಚ್ಚಳ ಗಟ್ಟಿಯಾಗಿತ್ತು. ಮೇಲಿನ ಪೈಪು ಕೆಳಗಿನ ಪೈಪು ಎರಡನ್ನೂ ಹಿಡಿದು ನೋಡಿದಳು, ಎರಡೂ ಬಿಸಿ. ಎಂದರೆ ನೀರು ಓಡಾಡುತ್ತಿದೆ. ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿರಬಹುದೆಂದು ಮುಚ್ಚಳ ತೆಗೆದು ಇಂಜಿನ್ ಓಡಿಸಿ ಗುಳ್ಳೆ ಬರುವುದನ್ನು ಕಾದಳು. ಬರಲಿಲ್ಲ. ಥರ್ಮೋಸ್ಟ್ಯಾಟ್ ಎಂಬ ಪುಟ್ಟ ಬಾಗಿಲೊಂದು ನೀರಿನ ದಾರಿಯಲ್ಲಿರುತ್ತದೆ. ಅದನ್ನು ಬಿಚ್ಚಿ ಹಾಲು ಕಾಯಿಸುವ ಪಾತ್ರೆಯಲ್ಲಿ ಹಾಕಿ ಸ್ಟೋವಿನ ಮೇಲಿಟ್ಟಳು. ನೀರು ಕಾದಂತೆ ಅದು ತೆರೆದುಕೊಂಡಿತು. (ಬೆಳಗಿನ ಹೂವಿನಂತೆ ಎಂದು ಬರೆದಿದ್ದೆ. ಥರ್ಮೋಸ್ಟ್ಯಾಟಿನಂತೆಯೇ ತೆರೆದುಕೊಂಡಿತು ಎಂದು ತಿದ್ದಿಸಿದಳು.) ರೇಡಿಯೇಟರಿನ ರೆಕ್ಕೆಗಳ ಸಂದಿನಲ್ಲಿ ಸಿಕ್ಕಿದ್ದ ಧೂಳು, ಸತ್ತ ಹುಳ, ಯಾರದೋ ಚಾಕೊಲೇಟಿನ ಬೇಗಡೆ ಎಲ್ಲವನ್ನೂ ನೀರು ಬಿಟ್ಟು ತೊಳೆದಳು.

"ಫ್ಯಾನು?" ಮಾವ ಕೇಳಿದರು.

"ತಿರುಗ್ತಿದೆ ಮಾವ."

"ತಿರುಗದೆ ಏನು. ನಾನೇ ಹಾಕಿದ್ದು."

"ಹೂಂ ಮಾವ."

ಎಲ್ಲ ಮರಳಿ ಜೋಡಿಸಿ ಇಂಜಿನ್ ಓಡಿಸಿ ನಿಂತಳು. ಮುಳ್ಳು ಅರ್ಧಕ್ಕೆ ಬಂತು. ಅಲ್ಲಿ ನಿಲ್ಲಬೇಕಿತ್ತು. ಯಾರನ್ನೋ ಹುಡುಕಿಕೊಂಡು ಹೊರಟಂತೆ ಮೇಲಕ್ಕೆ ಏರಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಷ್ಟು ಹೊತ್ತು ಅವಳು ಊರ ಎಮ್ಮೆಗಳಿಗೆಲ್ಲ ಬರೆ ಹಾಕಿ ಬಂದಿದ್ದಳು.

೬

ವ್ಯಾನಕ್ಕ ಹಳೇ ಟೈರಿನ ಮೇಲೆ ಕುಳಿತು ಬಾಯಿ ಬಿಡುವಿಲ್ಲದೆ ಮಾತಾಡುತ್ತಿದ್ದಳು. ಮಕ್ಕಳ ಜೊತೆ ದಿನವಿಡೀ ಇರುವವರಿಗೆ ದೊಡ್ಡವರು ಸಿಕ್ಕಿದಾಗ ಹೀಗಾಗುತ್ತದೆ.

"ಒಂದು ಪುಟ್ಟಿ ಇದೆ, ಮುಂದಿನ ಹಲ್ಲು ಬಿದ್ದಿರೋದು. ನಾನು ಅದರ ತಮ್ಮನ್ನ ಹತ್ತಿಸೋದ್ರೊಳಗೆ ಇದು ವ್ಯಾನಿನ ಮುಂದೆ ಬಂದು ಕಣ್ಣು ಮುಚ್ಕೊಂಡು ನಿಂತಿರುತ್ತೆ. ಎಷ್ಟು ಸಲ ಈಚೆ ಎಳ್ಕೊಂಡಿದೀನೋ. ಯಾಕೆ ನಿಲ್ತೀಯೇ ಮುಂಡೇದೇ ಅಂದ್ರೆ, ವ್ಯಾನು ನನ್ನ ಮುಖಕ್ಕೆ ಊದುತ್ತೆ ಅಕ್ಕ, ಅಮ್ಮ ಹಾಲು ಆರಿಸೋಕೆ ಊದೋ ಹಾಗೆ, ಅನ್ನುತ್ತೆ. ನೋಡು, ಮಕ್ಕಳ ತಲೆ ಎಲ್ಲೆಲ್ಲಿಗೆ ಹೋಗುತ್ತೆ."

ಕೈ ಒರೆಸಿಕೊಳ್ಳುತ್ತಿದ್ದ ಸೊಸೆ ಒರೆಸುವುದನ್ನು ನಿಲ್ಲಿಸಿದಳು.

"ಮುಂದೆ ನಿಂತ್ರೆ ಊದುತ್ತಾ?"

"ಅದು ಹಾಗನ್ನುತ್ತೆ. ಬಿಸಿಯಾಗಿ ಊದುತ್ತಂತೆ."

"ಊದಬಾರದಲ್ಲ ಅಕ್ಕ. ಎಳ್ಕೋಬೇಕು ಅದು."

ನನ್ನ ಕಡೆ ತಿರುಗಿದಳು. "ಕಥೆಯವರೇ, ಒಂದು ಹಾಳೆ ಕೊಡಿ."

"ಯಾವುದು?"

"ಯಾವುದಾದ್ರೂ. ನಿಮಗೆ ಬೇಡದ್ದು."

ನನಗೆ ಬೇಡದ್ದು ಯಾವುದೂ ಇರಲಿಲ್ಲ. ಅವಳೇ ಕಟ್ಟಿನಿಂದ ಮೂರನೆಯದನ್ನು ಎಳೆದುಕೊಂಡಳು.

"ಅದರಲ್ಲಿ ನಿಮ್ಮ ಬಾಲ್ಯ ಇದೆ," ಎಂದೆ. ಬಹಳ ಕಷ್ಟದ ಬಾಲ್ಯ, ಮನಸ್ಸಿಟ್ಟು ಬರೆದಿದ್ದೆ.

ಓಡುತ್ತಿದ್ದ ಇಂಜಿನ್ನಿನ ಬೆಳಕಿಗೆ ಹಿಡಿದು ಒಂದೆರಡು ಸಾಲು ಓದಿದಳು. "ನನ್ನ ಬಾಲ್ಯ ಹೀಗಿರಲಿಲ್ಲ. ಚೆನ್ನಾಗೇ ಇತ್ತು."

(ಇಂಜಿನ್ನಿಗೆ ಬೆಳಕೆಲ್ಲಿಂದ ಬಂತು ಎಂದು ಅವಳೇ ಮತ್ತೆ ಕೇಳಿದಳು. ಬಾಗಿಲಿನ ಬೆಳಕು ಎಂದು ಓದಿಕೊಳ್ಳಿ.)

ಹಾಳೆಯನ್ನು ವ್ಯಾನಿನ ಮುಂದಿನ ಜಾಲರಿಯ ಹತ್ತಿರ ಹಿಡಿದು ಬಿಟ್ಟಳು. ಸರಿಯಾದ ಫ್ಯಾನಾಗಿದ್ದರೆ ಗಾಳಿಯನ್ನು ಒಳಕ್ಕೆ ಎಳೆಯುತ್ತಿತ್ತು. ಆ ಎಳೆತಕ್ಕೆ ಹಾಳೆ ಜಾಲರಿಗೆ ಅಂಟಿಕೊಂಡು, ಅಮ್ಮನ ಸೆರಗು ಹಿಡಿದ ಕೂಸಿನಂತೆ, ಅಲ್ಲೇ ನಿಲ್ಲುತ್ತಿತ್ತು. ಈ ಹಾಳೆ ನಿಲ್ಲಲಿಲ್ಲ. ಪಟ್ಟನೆ ಹಾರಿ, ವ್ಯಾನಕ್ಕನ ಹೆಗಲ ಮೇಲಿಂದ ಹೋಗಿ, ಕೊಳಕು ಎಣ್ಣೆಯ ತಟ್ಟೆಯಲ್ಲಿ ಬಿದ್ದು ನಿಧಾನವಾಗಿ ಕಪ್ಪಾಯಿತು.

ಮೂರನೆಯ ಅಧ್ಯಾಯ ಹೋದದ್ದು ಹೀಗೆ.

೭

ಫ್ಯಾನು ತಿರುಗುತ್ತಿತ್ತು. ಉಲ್ಟಾ ತಿರುಗುತ್ತಿತ್ತು. ರೇಡಿಯೇಟರಿನ ತಂಪಿಗೆ ಹೊರಗಿನ ಗಾಳಿ ತರುವ ಬದಲು ಇಂಜಿನ್ನಿನ ಬಿಸಿ ಗಾಳಿಯನ್ನೇ ಮುಂದಕ್ಕೆ ತಳ್ಳುತ್ತಿತ್ತು. ಗಾಡಿ ಓಡುವಾಗ ಎದುರು ಗಾಳಿಯ ರಭಸಕ್ಕೆ ಫ್ಯಾನಿನ ಆಟ ನಡೆಯುತ್ತಿರಲಿಲ್ಲ. ನಿಂತಾಗ ಅದರದೇ ರಾಜ್ಯಭಾರ.

ಇಂಥ ಮೋಟಾರು ಉಲ್ಟಾ ತಿರುಗಲು ಕಾರಣ ಒಂದೇ. ಅದಕ್ಕೆ ಎರಡು ವೈರು, ಒಂದು ನೀಲಿ, ಒಂದು ಕಪ್ಪು. ಅವು ಅದಲುಬದಲಾಗಿ ಕಟ್ಟಿಕೊಂಡಿವೆ.

ಬಗ್ಗಿ ನೋಡಿದಳು. ಗಂಟಿನ ಮೇಲಿನ ಟೇಪಿನ ತುದಿ ಅಚ್ಚುಕಟ್ಟಾಗಿ ಒಳಕ್ಕೆ ಮಡಿಸಿತ್ತು.

ಬಗ್ಗಿದವಳು ಬಗ್ಗಿಯೇ ಇದ್ದಳು. ಹಿಂದಿನ ಕೆಲವು ತಿಂಗಳು ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ಮಾವ ಗ್ಯಾರೇಜಿನ ಬಲ್ಬುಗಳನ್ನು ಪದೇ ಪದೇ ಬದಲಾಯಿಸುತ್ತಿದ್ದರು. ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದು. "ಈಗಿನ ಬಲ್ಬುಗಳಲ್ಲಿ ಬೆಳಕೇ ಇಲ್ಲ" ಎಂದು ಅಂಗಡಿಯವನ ಹತ್ತಿರ ಜಗಳ ಆಡಿ ಬಂದಿದ್ದರು. ಶಿಶುವಿಹಾರದ ಮಕ್ಕಳ ನೀಲಿ ಸಮವಸ್ತ್ರ ನೋಡಿ, "ಕಂದಮ್ಮಗಳಿಗೆ ಕಪ್ಪು ಯಾಕೆ ಹಾಕಿಸಿದಾರೆ ಪಾಪ" ಎಂದಿದ್ದರು. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಈಗ ಮೂಲೆಯಲ್ಲಿ ಕುಳಿತು ಸ್ಪಾರ್ಕ್ ಪ್ಲಗ್ಗಿನ ಮಸಿ ಕೆರೆಯುತ್ತಿದ್ದರು, ಮುಖ ಬಾಗಿಲಿನ ಕಡೆ, ಪ್ಲಗ್ಗು ಮಡಿಲಲ್ಲಿ. ನೋಡುತ್ತಿರಲಿಲ್ಲ, ಉಗುರಿನಿಂದ ಓದುತ್ತಿದ್ದರು.

(ಮೊದಲ ಕರಡಿನಲ್ಲಿ ಇದು ಕಣ್ಣಾಸ್ಪತ್ರೆಯ ವ್ಯಾನಾಗಿತ್ತು. ಡಾಕ್ಟರೇ ಓಡಿಸಿಕೊಂಡು ಬರುತ್ತಿದ್ದರು. "ಇಷ್ಟು ಅನುಕೂಲ ಮಾಡ್ಕೋಬೇಡಿ ಕಥೆಯವರೇ, ನೋಡಿದವರು ನಗ್ತಾರೆ," ಎಂದು ಅವಳೇ ಡಾಕ್ಟರನ್ನು ಇಳಿಸಿ ಮಕ್ಕಳನ್ನು ಹತ್ತಿಸಿದಳು. ಆಮೇಲೆ ಅದಕ್ಕೇ ಪಶ್ಚಾತ್ತಾಪ ಪಟ್ಟಳು. ಡಾಕ್ಟರಿದ್ದಿದ್ದರೆ ಅವಳು ಬಾಯಿ ಬಿಡಬೇಕಾಗಿರಲಿಲ್ಲ.)

ಏಕೆಂದರೆ ಈಗ ಬಾಯಿ ಬಿಡಬೇಕು. ಬಿಟ್ಟರೆ, ಜೀವಮಾನವೆಲ್ಲ ಕೈಯನ್ನೇ ನಂಬಿದ ಮನುಷ್ಯನಿಗೆ ನಿಮ್ಮ ಕೈ ತಪ್ಪಿತು ಎನ್ನಬೇಕು. ಬಿಡದಿದ್ದರೆ ಇಂದು ಫ್ಯಾನು, ನಾಳೆ ಇದೇ ವ್ಯಾನಿನ ಬ್ರೇಕು ಆ ಕೈಗೆ ಬರುತ್ತದೆ. ಬ್ರೇಕಿನ ಪೈಪಿನ ಕೂದಲೆಳೆಯ ಬಿರುಕನ್ನು ಉಗುರು ಓದಲಾರದು. ಒಳಗೆ ಹಲ್ಲು ಬಿದ್ದ ಪುಟ್ಟಿ ಕುಳಿತಿರುತ್ತಾಳೆ.

೮. ಮುಕ್ತಾಯ

ಮಾವ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಸೊಸೆ ಗಂಟು ಬಿಚ್ಚಿ, ವೈರು ಬದಲಾಯಿಸಿ ಕಟ್ಟಿ, ಟೇಪು ಸುತ್ತಿ, ತನ್ನ ಜೀವನದಲ್ಲಿ ಮೊದಲ ಬಾರಿಗೆ ತುದಿಯನ್ನು ಒಳಕ್ಕೆ ಮಡಿಸಿದಳು. ಮಾವ ಬಂದು ನೋಡಿದರೆ ಮುಳ್ಳು ಅರ್ಧದಲ್ಲೇ ನಿಂತಿತ್ತು. "ಅದೇನೋ ತಾನೇ ಸರಿಹೋಯ್ತು ಮಾವ," ಎಂದಳು. "ಗಾಡಿಗೂ ಒಂದೊಂದು ಸಲ ಮುನಿಸು," ಎಂದು ಮಾವ ನಕ್ಕರು.

ಮುಗಿಯಿತು.

"ಮುಗೀಲಿಲ್ಲ," ಎಂದಳು ಸೊಸೆ. "ಬ್ರೇಕಿನ ಕಥೆ ಏನು? ಆಗಲೂ ನಾನು ಹಿತ್ತಲು ಕಾಯ್ತಾ ಕೂರಬೇಕಾ? ಅವರ ಕೈ ನಕಲು ಮಾಡೋಕೆ ಅಲ್ಲ ಅವರು ನಂಗೆ ಕೆಲಸ ಕಲಿಸಿದ್ದು."

೮. ಮುಕ್ತಾಯ (ಎರಡನೆಯದು)

ಸೊಸೆ ಎಲ್ಲವನ್ನೂ ಹೇಳಿದಳು. ಮಾವ ಕೈಯಲ್ಲಿದ್ದ ಸ್ಪ್ಯಾನರನ್ನು ಹಲಗೆಯ ಮೇಲೆ ಅದರ ಜಾಗದಲ್ಲಿ ನೇತುಹಾಕಿದರು. ಇನ್ನೆಂದೂ ತೆಗೆಯುವುದಿಲ್ಲವೆಂಬಂತೆ. ಅವರ ಮಂಜಾದ ಕಣ್ಣಿನಿಂದ ಒಂದು ಹನಿ...

"ರೀ ಸ್ವಾಮಿ," ಎಂದರು ಮಾವ ಮೂಲೆಯಿಂದ. ಅವರು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. "ನಾನು ಯಾರದಾದ್ರೂ ಮದುವೇಲಿ ಅತ್ತೇನು, ಸಾವಲ್ಲಿ ಅತ್ತೇನು. ಫ್ಯಾನ್ ಮೋಟಾರಿಗೆ ಅಳಲ್ಲ."

ಅವರಿಗೆ ಎಷ್ಟು ಕೇಳಿಸಿತ್ತೋ ತಿಳಿಯದು. ಹನಿಯನ್ನು ಒರೆಸಿದೆ.

೮. ಮುಕ್ತಾಯ (ಮೂರನೆಯದು, ನನ್ನ ಆಸೆಗೆ)

ನಾನು ದೇವರನ್ನು ನಂಬುವವನು. ನನಗೆ ಕಥೆ ಹೇಳಿದವರೆಲ್ಲ ಕಷ್ಟ ಗಂಟಲಿಗೆ ಬಂದಾಗ ದೇವರನ್ನು ಕರೆತಂದೇ ದಡ ಮುಟ್ಟಿಸುತ್ತಿದ್ದರು. ಒಂದು ಬೆಳಗ್ಗೆ ಮಾವ ಎದ್ದು ನೋಡಿದರೆ ಕಿಟಕಿಯಾಚೆ ಆಕಾಶ ನೀಲಿಯಾಗಿತ್ತು, ಹಿಂದೆಂದೂ ಕಾಣದಷ್ಟು ನೀಲಿ, ಎಂದು ಬರೆದೆ.

"ದೇವರಿಗೆ ಬೇರೆ ಕೆಲಸ ಇದೆ," ಎಂದಳು ಸೊಸೆ, ಆದರೆ ಮೆತ್ತಗೆ. "ಇದಕ್ಕೆ ಅಂತಲೇ ಕಣ್ಣಿನ ಡಾಕ್ಟರನ್ನ ಮಾಡಿ ಇಟ್ಟಿದಾನಲ್ಲ. ಪೊರೆ ತೆಗೀತಾರೆ, ಮತ್ತೆ ಕಾಣುತ್ತೆ. ಅದು ಕಷ್ಟ ಅಲ್ಲ ಕಥೆಯವರೇ. ನಂಗೆ ಕಾಣ್ತಿಲ್ಲ ಅಂತ ಇವರ ಬಾಯಲ್ಲಿ ಬರಬೇಕಲ್ಲ, ಅದು ಕಷ್ಟ. ಅದನ್ನ ನೀವೂ ಬರೆಸೋಕೆ ಆಗಲ್ಲ, ನಾನೂ ಹೇಳಿಸೋಕೆ ಆಗಲ್ಲ."

"ಹಾಗಾದರೆ ಏನು ಮಾಡುತ್ತೀರಿ?"

"ಪದ್ಧತಿ ಇದೆಯಲ್ಲ."

೯

"ಮಾವ," ಎಂದು ಕರೆದಳು. "ನಿಮ್ಮದೊಂದು ಗಂಟಿದೆ. ಬಿಚ್ಚಿಕೊಡಿ."

ಮಾವ ಪ್ಲಗ್ಗನ್ನು ಬಟ್ಟೆಯಲ್ಲಿ ಸುತ್ತಿಟ್ಟರು. "ಯಾವುದು?"

"ಫ್ಯಾನಿಂದು."

"ತಿರುಗ್ತಿದೆ ಅಂದೆಯಲ್ಲ."

"ತಿರುಗ್ತಿದೆ ಮಾವ."

ಅವರು ಎದ್ದು ಬಂದರು. ಇಂಜಿನ್ನು ಓಡುತ್ತಲೇ ಇತ್ತು. ಗಂಟಿನ ಕಡೆ ಹೋಗಲಿಲ್ಲ. ಸುಮ್ಮನೆ ವ್ಯಾನಿನ ಮುಂದೆ ನಿಂತು ಜಾಲರಿಗೆ ಅಂಗೈ ಒಡ್ಡಿದರು. ಜ್ವರ ಬಂದ ಮಗುವಿನ ಹಣೆಗೆ ಕೈಯಿಡುವವರು ಒತ್ತುವುದಿಲ್ಲ, ಒಂಚೂರು ದೂರದಲ್ಲೇ ಕಾವು ತಿಳಿಯುತ್ತದೆ. ಹಾಗೆ. ಬಿಸಿ ಗಾಳಿ ಅವರ ಅಂಗೈಗೆ ಊದಿತು. ಅಂಗಿಯ ತೋಳು ಸ್ವಲ್ಪ ಹಾರಿತು. ಅವರು ಕೈ ತೆಗೆಯಲಿಲ್ಲ.

ವ್ಯಾನಕ್ಕ ಟೈರಿನ ಮೇಲಿಂದ ಎದ್ದು ಬಂದಳು.

"ಯಾವಾಗಿಂದ ಗೊತ್ತು ನಿಂಗೆ?" ಎಂದರು ಮಾವ.

"ಇದು ಊದೋದು ಈಗ ತಾನೇ."

"ನಾನು ಕೇಳಿದ್ದು ಅದಲ್ಲ."

ಸೊಸೆ ಕೈಯ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು. "ಬಲ್ಬು ಬದಲಾಯಿಸ್ತಿದ್ರಲ್ಲ ಮಾವ. ಆವಾಗ ಒಂದು ಥರ ಅನ್ನಿಸಿತ್ತು. ಸುಮ್ಮನಾಗಿದ್ದೆ."

"ಹೇಳಲಿಲ್ಲ."

"ನೀವೂ ಹೇಳಲಿಲ್ಲ."

"ಸರಿಹೋಯ್ತು," ಎಂದರು ಮಾವ. "ಒಂದೇ ಗ್ಯಾರೇಜಲ್ಲಿ ಕಲಿತೋರು."

ಇಂಜಿನ್ ಆರಿಸಲು ಸನ್ನೆ ಮಾಡಿದರು. ಆರಿಸಿದಳು. ಮಾವ ಬಾನೆಟ್ಟಿನೊಳಗೆ ಕೈ ಇಳಿಬಿಟ್ಟು, ನೋಡದೆಯೇ ಗಂಟು ಹುಡುಕಿ, ಮಡಿಸಿದ ತುದಿಯನ್ನು ಉಗುರಿಗೆ ಸಿಕ್ಕಿಸಿ ಎಳೆದರು. ಟೇಪು ಸಲೀಸಾಗಿ ಬಿಚ್ಚಿಕೊಂಡಿತು. ತಿರುಚಿದ ತಂತಿಗಳನ್ನು ಬಿಡಿಸಿದರು. ಮೋಟಾರಿನ ಎರಡು ವೈರುಗಳನ್ನು ಈ ಕೈಗೊಂದು ಆ ಕೈಗೊಂದು ಹಿಡಿದು ನಿಂತರು.

ನಿಂತೇ ಇದ್ದರು. ಬಾಗಿಲಿನ ಬೆಳಕಿಗೆ ಒಮ್ಮೆ ತಿರುಗಿದರು. ನೋಡುವ ಪ್ರಯತ್ನ ಮಾಡಲಿಲ್ಲ, ಬೆಳಕು ಇದೆಯೆಂದು ಖಚಿತಪಡಿಸಿಕೊಂಡಂತೆ ಅಷ್ಟೇ.

"ನೀಲಿ ಯಾವುದು, ಹೇಳು ತಾಯಿ."

ವ್ಯಾನಕ್ಕನಿಗೆ ತಡೆಯಲಾಗಲಿಲ್ಲ. "ಅಲ್ಲ ಯಜಮಾನ್ರೇ, ಮೊದಲು ಹೆಂಗಿತ್ತೋ ಅದನ್ನ ಅದಲುಬದಲು ಮಾಡಿದ್ರೆ ಆಯ್ತಲ್ಲ. ಬಣ್ಣ ಯಾಕೆ ಬೇಕು?"

ಅವಳು ಹೇಳಿದ್ದು ನಿಜ. ಬಣ್ಣ ಬೇಕಿರಲಿಲ್ಲ. ನಾನು ಏನನ್ನೋ ಬರೆಯಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ನಿಮ್ಮ ಎಡಗೈಲಿರೋದು ಮಾವ," ಎಂದಳು ಸೊಸೆ.

"ಎಡಗೈ," ಎಂದರು ಅವರು. ಎಡಗೈಯ ವೈರನ್ನು ಎಡಗೈಯಲ್ಲೇ ಇಟ್ಟುಕೊಂಡು, ಬಲಗೈಯದನ್ನು ಮೊದಲು ಕಟ್ಟಿದರು. ಆಮೇಲೆ ನೀಲಿ. ಆಮೇಲೆ ಟೇಪು.

೧೦ (ಇದು ಕೊನೆಯದಲ್ಲ, ನನ್ನ ಬಳಿ ಉಳಿದಿರುವ ಹಾಳೆ ಇಷ್ಟೇ)

ಈಗ ವ್ಯಾನಿನ ಬಾನೆಟ್ಟು ಮುಚ್ಚಿದೆ. ಇಂಜಿನ್ನು ಮತ್ತೆ ಓಡುತ್ತಿದೆ. ಮಾವ ಅಂಗೈ ಒಡ್ಡಿ ನೋಡಿದ್ದಾಯಿತು. ಗಾಳಿ ಈಗ ಅವರ ಬೆರಳುಗಳ ಸಂದಿಯಿಂದ ಒಳಕ್ಕೆ ಹೋಗುತ್ತಿದೆ. ಆದರೆ ಗ್ಯಾರೇಜಿನವರು ಇಷ್ಟಕ್ಕೇ ನಂಬುವವರಲ್ಲ. ಇಂಜಿನ್ನು ಪೂರ್ತಿ ಕಾದು, ಮುಳ್ಳು ಅರ್ಧಕ್ಕೆ ಬಂದು, ಅಲ್ಲಿ ನಿಂತರೆ ಮಾತ್ರ ಸರಿ. ಅದಕ್ಕೆ ಕಾಯಬೇಕು. ಸೊಸೆ ಡ್ರೈವರ್ ಸೀಟಿನಲ್ಲಿ ಮುಳ್ಳನ್ನು ನೋಡುತ್ತ ಕುಳಿತಿದ್ದಾಳೆ. ಮಾವ ಹೊರಗೆ ಬಾನೆಟ್ಟಿನ ಮೇಲೆ ಕೈಯೂರಿ ನಿಂತಿದ್ದಾರೆ. ವ್ಯಾನಕ್ಕ ಗಡಿಯಾರ ನೋಡುತ್ತಿದ್ದಾಳೆ.

ಕಣ್ಣಿನ ಡಾಕ್ಟರ ಮಾತನ್ನು ಇನ್ನೂ ಯಾರೂ ಎತ್ತಿಲ್ಲ. ಎತ್ತಬಹುದು. ಮನೆಗೆ ನಡೆದು ಹೋಗುವ ದಾರಿಯಲ್ಲಿ, ಪಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಾಗಿಲ್ಲವಲ್ಲ, ಆಗ ಎತ್ತಬಹುದು. ಎತ್ತದೆಯೂ ಇರಬಹುದು. ಶಟರಿನ ಆಚೆ ಬ್ರೇಕಿನ ಕೆಲಸಕ್ಕೆ ಬಂದ ಇನ್ನೊಂದು ಗಾಡಿ ನಿಂತಿದೆ. ಅದರ ಕೆಳಗೆ ಮಲಗುವವರು ಯಾರು ಎಂಬುದನ್ನೂ ನಾನು ಬರೆದಿಲ್ಲ. ಬರೆದರೆ ಇವರಿಬ್ಬರೂ ಒಪ್ಪುವುದಿಲ್ಲ. ದೇವರೂ ಒಬ್ಬ ಕಥೆಗಾರನೇ ಇರಬೇಕು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ, ಆದರೆ ಅವನು ಯಾವ ಕಥೆಯನ್ನೂ ಮುಗಿಸಿದ್ದನ್ನು ನಾನು ಕಂಡಿಲ್ಲ. ಅವನಿಗೇ ಇಲ್ಲದ ಆತುರ ನನಗೇಕೆ?

ನಿಮಗೆ ಕೆಲಸವಿದ್ದರೆ ಹೊರಡಿ ಓದುಗರೇ. ಬೇಸರವಿಲ್ಲ. ನಾನು ಇಲ್ಲೇ ಸ್ವಲ್ಪ ಹೊತ್ತು ಇವರ ಜೊತೆ ನಿಲ್ಲುತ್ತೇನೆ.

"ಮುಳ್ಳು ಎಲ್ಲಿದೆ?" ಎಂದರು ಮಾವ.

"ಅರ್ಧಕ್ಕೆ ಬಂತು ಮಾವ."

ಮಾವ ತಲೆಯಾಡಿಸಿದರು. ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು. ವ್ಯಾನು ಸಣ್ಣಗೆ ನಡುಗುತ್ತ ಓಡುತ್ತಿತ್ತು, ಮಾವನ ಕೈಯೂ ಅದರ ಜೊತೆಗೆ.

"ಈಗ?"

"ಅಲ್ಲೇ ಇದೆ."

ಇದೇ ಸರಿಯಾದ ಜಾಗವೆಂದು ನಾನು ಪೆನ್ನಿಗೆ ಮುಚ್ಚಳ ಹಾಕಲು ಹೋದೆ. ಸೊಸೆ ಕಿಟಕಿಯಿಂದ ತಲೆ ಹೊರಹಾಕಿ, "ತಡೀರಿ ಕಥೆಯವರೇ," ಎಂದಳು, "ಇನ್ನೂ ಕಾಯಬೇಕು."

"ಈಗ?" ಎಂದರು ಮಾವ.